ಗಾಳಿಗೆ ಮೊದಲೇ ಕಣಕ್ಕಿಳಿದವರು

(ವಾಣಿಜ್ಯ ವಿಭಾಗದ ವಾರ್ಷಿಕ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಇಟ್ಟ ಹಿರಿಯರು ಶಿರಸಿ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿ ನಡೆಸಿದವರು. ವರ್ಷಕ್ಕೊಮ್ಮೆ ವ್ಯಾಪಾರ ಮಾಡಿದವರೊಬ್ಬರು ಬಂದು ಮಕ್ಕಳ ಮುಂದೆ ತಮ್ಮ ಲೆಕ್ಕ ಬಿಚ್ಚಿಡಬೇಕು, ಗಳಿಸಿದ್ದನ್ನು ಹೇಳುವಷ್ಟೇ ಬಾಯಿಬಿಟ್ಟು ಕಳೆದುಕೊಂಡದ್ದನ್ನೂ ಹೇಳಬೇಕು ಎಂಬುದು ಅವರ ಆಸೆಯಾಗಿತ್ತಂತೆ. ಆ ಆಸೆಯ ಎರಡನೆಯ ಭಾಗಕ್ಕೆ ನಾನು ಯೋಗ್ಯ ಎಂದು ಸಂಘಟಕರು ತೀರ್ಮಾನಿಸಿದ್ದಾರೆ. ಅವರಿಗೆ ಕೃತಜ್ಞತೆಗಳು.

ನನಗೆ ಕೊಟ್ಟ ವಿಷಯ ಇದು: ಸೌರವಿದ್ಯುತ್ ಉದ್ಯಮಕ್ಕೆ ಬೇಗ ಇಳಿದವನಿಗೆ ಲಾಭ ಇದೆಯೇ? ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಗಾದೆ ಹೇಳುತ್ತದೆ. ಗಾಳಿ ಬರುವ ಮೊದಲೇ ಮೊರ ಹಿಡಿದು ಕಣದಲ್ಲಿ ನಿಂತವನ ಗತಿ ಏನು ಎಂದು ಅದು ಹೇಳುವುದಿಲ್ಲ. ನಾನು ಹಾಗೆ ನಿಂತವರಲ್ಲಿ ಒಬ್ಬ. ನಿಂತು ನಿಂತು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಉದ್ಯಮದಲ್ಲಿ ಎರಡು ಬಗೆಯ ಸರಕುಗಳಿವೆ. ಒಂದು, ವರ್ಷ ಕಳೆದಂತೆ ಅಗ್ಗವಾಗುವಂಥದ್ದು. ಇನ್ನೊಂದು, ವರ್ಷ ಕಳೆದಂತೆ ತುಟ್ಟಿಯಾಗುವಂಥದ್ದು. ಬೇಗ ಬಂದು ಮೊದಲನೆಯದನ್ನು ಕೂಡಿಹಾಕಿದವರು ಮುಳುಗಿದರು. ಬೇಗ ಬಂದು ಎರಡನೆಯದನ್ನು ಕೂಡಿಹಾಕಿದವರು ಉಳಿದರು. ಮುಂದೆ ಹೇಳುವುದೆಲ್ಲ ಇದರ ಉದಾಹರಣೆ.

ನಾಲ್ಕು ದೀಪದ ಮನೆ

1996ರಲ್ಲಿ ನಾನು ಸೋಲಾರ್ ಅಂಗಡಿ ತೆರೆದಾಗ ಈ ಭಾಗದ ಎಷ್ಟೋ ಮನೆಗಳಿಗೆ ತಂತಿ ಬಂದಿರಲಿಲ್ಲ. ಬಂದ ಮನೆಗಳಲ್ಲೂ ಮಳೆಗಾಲಕ್ಕೆ ಮರ ಬಿದ್ದರೆ ವಾರಗಟ್ಟಲೆ ಕತ್ತಲು. ನಾನು ಮಾರುತ್ತಿದ್ದದ್ದು ಒಂದು ಪ್ಯಾನಲ್, ಒಂದು ಬ್ಯಾಟರಿ, ನಾಲ್ಕು ಸಿಎಫ್‌ಎಲ್ ದೀಪ. ಬೆಲೆ ಹದಿನೈದು ಸಾವಿರದ ಮೇಲೆ. ಆಗಿನ ಹದಿನೈದು ಸಾವಿರ ಎಂದರೆ ಎಷ್ಟು ಎಂದು ನಿಮ್ಮ ತಂದೆಯವರನ್ನು ಕೇಳಿ.

ಮೊದಲ ವರ್ಷ ಒಂದು ತೋಟದ ಮನೆಗೆ ಹೋಗಿ ಜಗುಲಿಯ ಮೇಲೆ ದೀಪ ಹಚ್ಚಿ ತೋರಿಸಿದೆ. ಮನೆಯ ಯಜಮಾನರು ಕವಳ ಹಾಕುತ್ತ ದೀಪ ನೋಡಿದರು, ಪ್ಯಾನಲ್ ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ತಮಾ, ದೀಪ ಚೆನ್ನಾಗಿದೆ. ಕೆಟ್ಟರೆ ಬರುವವರು ಯಾರು?” ಎಂದರು. ನಾನು ಕಂಪನಿ, ಗ್ಯಾರಂಟಿ ಎಂದೆಲ್ಲ ಶುರು ಮಾಡಿದೆ. “ಕಂಪನಿ ಬೆಂಗಳೂರಿನಲ್ಲಿದೆ. ಈ ಗದ್ದೆ ದಾಟಿ, ಸಂಕ ದಾಟಿ ಬರುವವರು ಯಾರು ಅಂತ ಕೇಳಿದೆ” ಎಂದರು. ನಾನೇ ಬರುತ್ತೇನೆ ಎಂದೆ. ಬಾಯಿತಪ್ಪಿ ಹೇಳಿದ ಆ ಮಾತೇ ಮುಂದೆ ನನ್ನ ಬಂಡವಾಳವಾಯಿತು.

ಬರುವುದು ಎಂದರೆ ಏನು ಎಂಬುದು ಆಮೇಲೆ ಗೊತ್ತಾಯಿತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಹಾಕಿ ಎಂದು ಹೇಳಿದರೆ ಕೆಲವರು ಬಾವಿಯ ನೀರು ಹಾಕುತ್ತಿದ್ದರು, ಬ್ಯಾಟರಿ ವರ್ಷದಲ್ಲಿ ಸಾಯುತ್ತಿತ್ತು. ಪ್ಯಾನಲ್ ಮೇಲೆ ಮಳೆಗಾಲದಲ್ಲಿ ಹಾವಸೆ ಹಿಡಿಯುತ್ತಿತ್ತು, ಮಂಗ ಕೂತು ತಂತಿ ಎಳೆಯುತ್ತಿತ್ತು. ಡಿಸೆಂಬರಿನಲ್ಲಿ ಬಿಸಿಲು ಬೀಳುವ ಜಾಗ ನೋಡಿ ಪ್ಯಾನಲ್ ಕೂರಿಸಿದರೆ ಏಪ್ರಿಲಿನಲ್ಲಿ ಅಲ್ಲಿ ಅಡಿಕೆ ಮರದ ನೆರಳು. ಅಡಿಕೆ ಮರದ ನೆರಳು ಒಂದು ಗೆರೆಯಷ್ಟೇ ಇರುತ್ತದೆ. ಪ್ಯಾನಲಿನೊಳಗೆ ಕೋಶಗಳನ್ನು ಸರಪಳಿಯಂತೆ ಜೋಡಿಸಿರುತ್ತಾರಾದ್ದರಿಂದ ಒಂದು ಸಾಲಿಗೆ ನೆರಳು ಬಿದ್ದರೂ ಉಳಿದ ಸಾಲುಗಳ ಕರೆಂಟು ಸೊರಗುತ್ತದೆ. ಇದನ್ನು ನಾನು ಕಲಿತದ್ದು ಏಣಿಯ ಮೇಲೆ ನಿಂತು. ಆಷಾಢದಲ್ಲಿ ಎರಡೇ ದೀಪ, ಎರಡೇ ಗಂಟೆ ಎಂದು ಮೊದಲೇ ಹೇಳಿ ಮಾರುವುದನ್ನೂ ಆಗಲೇ ಕಲಿತೆ. ಹಾಗೆ ಹೇಳಿದ್ದಕ್ಕೆ ಕೆಲವು ವ್ಯಾಪಾರ ತಪ್ಪಿತು. ಹೇಳದೆ ಮಾರಿದ್ದರೆ ಊರೇ ತಪ್ಪುತ್ತಿತ್ತು.

ಎಲ್ಲ ಒಂದು ಡೈರಿಯಲ್ಲಿ ಬರೆದಿಟ್ಟೆ: ಯಾರ ಮನೆ, ಯಾವ ದಿನ ಕೂರಿಸಿದ್ದು, ಬ್ಯಾಟರಿ ಯಾವಾಗ ಬದಲಾಯಿಸಿದ್ದು, ದಾರಿ ಎಲ್ಲಿ ತಿರುಗಬೇಕು, ನಾಯಿ ಕಚ್ಚುತ್ತದೆಯೇ. 2010ರ ಹೊತ್ತಿಗೆ ಅದರಲ್ಲಿ 1,100 ಮನೆಗಳಿದ್ದವು. ಈ ಡೈರಿಯ ಹೆಸರನ್ನು ಇನ್ನೊಮ್ಮೆ ಎತ್ತುತ್ತೇನೆ.

ಇಳಿಯುವ ಗೆರೆ

ಈಗ ದೊಡ್ಡ ಲೆಕ್ಕ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿತು. ಬಿದ್ದ ಬಿಸಿಲಿನಲ್ಲಿ ಅದು ವಿದ್ಯುತ್ ಮಾಡುತ್ತಿದ್ದದ್ದು ಶೇ. 6ರಷ್ಟು. ಅಷ್ಟು ದುಬಾರಿ ವಸ್ತುವನ್ನು ಕೊಳ್ಳುವ ತಾಕತ್ತಿದ್ದದ್ದು ಉಪಗ್ರಹಗಳಿಗೆ ಮಾತ್ರ. 1958ರ ವ್ಯಾನ್‌ಗಾರ್ಡ್ ಉಪಗ್ರಹ ಮೊದಲ ಗಿರಾಕಿಗಳಲ್ಲಿ ಒಂದು. 1976ರಲ್ಲಿ ಒಂದು ವ್ಯಾಟ್ ಪ್ಯಾನಲಿಗೆ ಇಂದಿನ ಹಣದ ಲೆಕ್ಕದಲ್ಲಿ 100 ಡಾಲರಿಗೂ ಮಿಕ್ಕಿ ಬೆಲೆಯಿತ್ತು. 2019ರಲ್ಲಿ ಅರ್ಧ ಡಾಲರೂ ಇರಲಿಲ್ಲ.

ಈ ಇಳಿತಕ್ಕೆ ಒಂದು ನಡೆ ಇದೆ. ಜಗತ್ತು ಈವರೆಗೆ ಮಾಡಿದ ಒಟ್ಟು ಪ್ಯಾನಲುಗಳ ಪ್ರಮಾಣ ಇಮ್ಮಡಿಯಾದಾಗಲೆಲ್ಲ ಬೆಲೆ ಸುಮಾರು ಶೇ. 20 ಇಳಿಯುತ್ತ ಬಂದಿದೆ. ಹತ್ತು ಸಲ ಇಮ್ಮಡಿಯಾದರೆ ನೂರು ರೂಪಾಯಿಯ ಸರಕು ಹನ್ನೊಂದು ರೂಪಾಯಿಗೆ ಬಂದು ನಿಲ್ಲುತ್ತದೆ. ವಿದ್ಯಾರ್ಥಿಗಳು ಮನೆಗೆ ಹೋಗಿ 0.8ನ್ನು ಹತ್ತು ಸಲ ಗುಣಿಸಿ ನೋಡಿ. ಅಡಿಕೆಯಲ್ಲಿ ಹೀಗಿಲ್ಲ. ಅಡಿಕೆಯ ದರ ಬೀಳುತ್ತದೆ, ಏಳುತ್ತದೆ. ದಾಸ್ತಾನು ಇಟ್ಟವನು ಒಂದಲ್ಲ ಒಂದು ವರ್ಷ ಬಚಾವಾಗುತ್ತಾನೆ. ಪ್ಯಾನಲಿನಲ್ಲಿ ದಾಸ್ತಾನು ಇಟ್ಟವನಿಗೆ ಆ ವರ್ಷ ಬರುವುದು ಬಹಳ ಅಪರೂಪ.

ನಡುವೆ ಒಂದು ಸಲ ಗೆರೆ ಮೇಲಕ್ಕೆ ತಿರುಗಿತು, ಅದೇ ಎಲ್ಲರನ್ನೂ ಮೋಸಗೊಳಿಸಿತು. 2000ದಲ್ಲಿ ಜರ್ಮನಿ ಒಂದು ಕಾಯ್ದೆ ತಂದಿತು. ಮನೆಯ ಮಾಡಿನ ಮೇಲೆ ಮಾಡಿದ ವಿದ್ಯುತ್ತಿಗೆ ಯೂನಿಟ್ಟಿಗೆ 99 ಫೆನಿಗ್ (ಆಗಿನ ಜರ್ಮನಿಯ ಪೈಸೆ) ದರ, ಅದೂ 20 ವರ್ಷ ಖಾತ್ರಿ. 2004ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಜಗತ್ತಿನ ಪ್ಯಾನಲುಗಳೆಲ್ಲ ಅತ್ತ ಹರಿದವು. ಕಚ್ಚಾ ಸಿಲಿಕಾನಿಗೆ ಬರ ಬಂತು. ಜರ್ಮನಿಯ ಮಾಡಿನ ಮೇಲೆ ಪ್ಯಾನಲ್ ಏರಿದ್ದರಿಂದ ನಮ್ಮ ಸಿದ್ದಾಪುರದ ತೋಟದ ಮನೆಯ ನಾಲ್ಕು ದೀಪ ತುಟ್ಟಿಯಾದವು. ಸರಕಿಗಾಗಿ ನಾನು ಬೆಂಗಳೂರಿನಲ್ಲಿ ದಿನಗಟ್ಟಲೆ ಕಾದದ್ದಿದೆ. ಇನ್ನು ಮುಂದೆ ಬೆಲೆ ಏರುತ್ತಲೇ ಹೋಗುತ್ತದೆ, ಈಗಲೇ ಹಿಡಿದಿಟ್ಟುಕೊಳ್ಳಬೇಕು ಎಂಬ ಬುದ್ಧಿ ಆ ಕಾಯುವಿಕೆಯಲ್ಲಿ ಹುಟ್ಟಿತು.

ನನ್ನ ಗೋದಾಮು ಮತ್ತು ವೂಶಿಯ ಕಾರ್ಖಾನೆ

2010ರ ದೀಪಾವಳಿಗೆ ಮೊದಲು ಸಾಲ ಮಾಡಿ 75 ವ್ಯಾಟಿನ 200 ಪ್ಯಾನಲ್ ಒಟ್ಟಿಗೆ ತಂದೆ. ವ್ಯಾಟಿಗೆ 120 ರೂಪಾಯಿ, ಒಟ್ಟು 18 ಲಕ್ಷ. ಸಿಲಿಕಾನ್ ಬರ ಕಳೆದು ಬೆಲೆ ಆಗಲೇ ಇಳಿಯುತ್ತಿತ್ತು. ತಳ ಮುಟ್ಟಿದೆ, ಇನ್ನು ಏಳುತ್ತದೆ ಎಂದುಕೊಂಡೆ. ಮುಂದಿನ ದೀಪಾವಳಿಗೆ ಅದೇ ಪ್ಯಾನಲ್ ವ್ಯಾಟಿಗೆ 70 ರೂಪಾಯಿಗೆ ಸಿಗುತ್ತಿತ್ತು. ಗೋದಾಮಿನಲ್ಲಿ ಮುಕ್ಕಾಲು ಸರಕು ಹಾಗೇ ಇತ್ತು. ಅದರ ಮೇಲಿನ ಧೂಳು ಒರೆಸುವಾಗಲೆಲ್ಲ ನಾನು ವ್ಯಾಟಿಗೆ 50 ರೂಪಾಯಿ ಒರೆಸುತ್ತಿದ್ದೆ. ತಪ್ಪು ಮಾರಿದವರದ್ದಲ್ಲ, ಕೊಂಡ ನನ್ನದು.

ಆಗ ನನಗೆ ನಾನೊಬ್ಬನೇ ದಡ್ಡ ಎನಿಸಿತ್ತು. ಆಮೇಲೆ ಓದಿದಾಗ ಸಂಗಾತಿಗಳು ದೊಡ್ಡವರೇ ಇದ್ದರು ಎಂದು ತಿಳಿಯಿತು. ಚೀನಾದ ವೂಶಿ ನಗರದಲ್ಲಿ ಷಿ ಝೆಂಗ್‌ರಾಂಗ್ ಎಂಬ ವಿಜ್ಞಾನಿ 2001ರಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಚೀನಾದಲ್ಲಿ ಈ ಉದ್ಯಮ ಇನ್ನೂ ಚಿಕ್ಕದಾಗಿದ್ದ ಕಾಲ ಅದು. 2005ರಲ್ಲಿ ಕಂಪನಿ ನ್ಯೂಯಾರ್ಕ್ ಷೇರುಪೇಟೆ ಏರಿತು, ಕೆಲವೇ ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ಪ್ಯಾನಲ್ ತಯಾರಕ ಎನಿಸಿತು. ಸಿಲಿಕಾನ್ ಬರಕ್ಕೆ ಹೆದರಿ 2006ರಲ್ಲಿ ಅಮೆರಿಕದ ಕಂಪನಿಯೊಂದರ ಜತೆ ಹತ್ತು ವರ್ಷದ ಖರೀದಿ ಒಪ್ಪಂದ ಮಾಡಿಕೊಂಡಿತು. 2008ರಲ್ಲಿ ಕಿಲೋಗೆ 400 ಡಾಲರ್ ದಾಟಿದ್ದ ಸಿಲಿಕಾನ್ 2011ರ ಕೊನೆಗೆ 30 ಡಾಲರಿನ ಆಸುಪಾಸಿಗೆ ಬಿತ್ತು. ಆ ಒಪ್ಪಂದದಿಂದ ಬಿಡಿಸಿಕೊಳ್ಳುವ ಹೊತ್ತಿಗೆ 20 ಕೋಟಿ ಡಾಲರಿಗೂ ಹೆಚ್ಚು ನಷ್ಟ ಬರೆದುಕೊಳ್ಳಬೇಕಾಯಿತು. 2013ರ ಮಾರ್ಚಿನಲ್ಲಿ ವೂಶಿಯ ಘಟಕ ದಿವಾಳಿ. 2008ರಲ್ಲಿ ಸೌರಕೋಶ ತಯಾರಿಕೆಯಲ್ಲಿ ಜಗತ್ತಿಗೇ ಮೊದಲಿಗನಾಗಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲೇ ಕೈಚೆಲ್ಲಿತ್ತು. ನಾಲ್ಕು ದಶಕ ಈ ವ್ಯವಹಾರದಲ್ಲಿದ್ದ ತೈಲ ಕಂಪನಿ ಬಿಪಿ 2011ರಲ್ಲಿ ಸೋಲಾರ್ ವಿಭಾಗವನ್ನೇ ಮುಚ್ಚಿತು.

ಇವರೆಲ್ಲ ಬೇಗ ಬಂದವರೇ. ಬುದ್ಧಿವಂತರೇ. ಸೌರಶಕ್ತಿ ಗೆಲ್ಲುತ್ತದೆ ಎಂಬ ಇವರ ಊಹೆಯೂ ನಿಜವಾಯಿತು. ಅದು ಗೆದ್ದದ್ದೇ ಅಗ್ಗವಾಗಿ; ತುಟ್ಟಿಯ ಕಾಲದ ಸರಕು ಕೈಯಲ್ಲಿದ್ದವರಿಗೆ ಆ ಗೆಲುವೇ ಮುಳುವಾಯಿತು.

ಬಿಪಿ ಬಿಟ್ಟುಹೋದ ಪಾಲು ನಮ್ಮ ಬೆಂಗಳೂರಿನಲ್ಲೇ ಒಂದಿತ್ತು. 1989ರಲ್ಲಿ ಅಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರಿನಲ್ಲಿ ಬಿಪಿಯ ಪಾಲನ್ನು 2012ರಲ್ಲಿ ಟಾಟಾ ಪವರ್ ಕೊಂಡಿತು. ಹೆಸರು ಬದಲಾಯಿತು, ವ್ಯವಹಾರ ನಿಲ್ಲಲಿಲ್ಲ. ಅದರ ಬಳಿ ಪ್ಯಾನಲ್ ಅಷ್ಟೇ ಅಲ್ಲ, ಹಳ್ಳಿಯ ದೀಪದಿಂದ ವಾಟರ್ ಹೀಟರಿನವರೆಗೆ ಮಾರುವ ಊರೂರಿನ ಡೀಲರುಗಳೂ ಇದ್ದರು.

ಖಾತ್ರಿಯ ದರ ಎಷ್ಟು ಖಾತ್ರಿ?

ಹೊಲದಲ್ಲಿ ವಿದ್ಯುತ್ ಬೆಳೆದು ಸರಕಾರಕ್ಕೆ ಮಾರುವವರ ಲೆಕ್ಕ ಬೇರೆ. ಅವರಿಗೆ 25 ವರ್ಷದ ಖರೀದಿ ಒಪ್ಪಂದ ಇರುತ್ತದೆ. ಬೇಗ ಬಂದವನಿಗೆ ಹೆಚ್ಚಿನ ದರ. 2010ರ ಜನವರಿಯಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದಾಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಿದ ದರ ಯೂನಿಟ್ಟಿಗೆ 17.91 ರೂಪಾಯಿ. ಅದೇ ವರ್ಷದ ಕೊನೆಗೆ ಹರಾಜಿನಲ್ಲಿ 10.95ಕ್ಕೆ ಇಳಿಯಿತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99.

ಹಾಗಾದರೆ ಮೊದಲು ಬಂದವನೇ ಜಾಣ ಎನ್ನುತ್ತೀರಿ. ತಡೆಯಿರಿ. ಅವನು ಕಟ್ಟಿದ್ದೂ ತುಟ್ಟಿಗೇ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 2009ರ ಹೊತ್ತಿಗೆ ಕಟ್ಟಿದ 3 ಮೆಗಾವ್ಯಾಟ್ ಸ್ಥಾವರ ದೇಶದ ಮೊದಮೊದಲ ಮೆಗಾವ್ಯಾಟ್ ಸ್ಥಾವರಗಳಲ್ಲಿ ಒಂದು. ಖರ್ಚು ಸುಮಾರು 59 ಕೋಟಿ, ಎಂದರೆ ಮೆಗಾವ್ಯಾಟಿಗೆ 20 ಕೋಟಿಯ ಹತ್ತಿರ. ಇಂದು ನಾಲ್ಕು ಕೋಟಿಯ ಆಸುಪಾಸಿಗೆ ಆಗುತ್ತದೆ. ದರ ಹೆಚ್ಚೆಂದು ಲಾಭ ಹೆಚ್ಚಲ್ಲ.

ಎರಡನೆಯದು, ಹಳೆಯ ದರ ಹೊಸಬರ ಕಣ್ಣು ಕುಕ್ಕುತ್ತದೆ. 2019ರಲ್ಲಿ ಆಂಧ್ರಪ್ರದೇಶ ಸರಕಾರ ಹಿಂದಿನವರು ಮಾಡಿಕೊಂಡ ಒಪ್ಪಂದಗಳ ದರವನ್ನೇ ಇಳಿಸಲು ಹೊರಟಿತು. ಅಲ್ಲಿನ ಹೈಕೋರ್ಟ್ ಅದನ್ನು ತಳ್ಳಿಹಾಕುವಷ್ಟರಲ್ಲಿ 2022 ಬಂದಿತ್ತು. ಅಷ್ಟು ದಿನ ಬ್ಯಾಂಕಿನ ಕಂತು ಯಾರಿಗೂ ಕಾಯಲಿಲ್ಲ. ನಮ್ಮಲ್ಲೂ ರೈತರು ತಮ್ಮ ಜಮೀನಿನಲ್ಲಿ 1ರಿಂದ 3 ಮೆಗಾವ್ಯಾಟ್ ಸ್ಥಾವರ ಹಾಕುವ ಯೋಜನೆ ಬಂತು. ದರ 8.40 ರೂಪಾಯಿ. ಭೂಪರಿವರ್ತನೆಯ ಕಾಗದ, ಸಬ್‌ಸ್ಟೇಷನ್ನಿಗೆ ತಂತಿ ಎಳೆಯುವ ಒಪ್ಪಿಗೆ ಎಂದು ತಡವಾದವರಿಗೆ ಆ ದರ ದಕ್ಕದಾಯಿತು. ಅಷ್ಟರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ದರ 6.51ಕ್ಕೆ, ಆಮೇಲೆ 4.36ಕ್ಕೆ ಇಳಿದಿತ್ತು. 8.40ರ ಲೆಕ್ಕದಲ್ಲಿ ಸಾಲ ಮಾಡಿದವರು ಕೋರ್ಟಿನ ಮೆಟ್ಟಿಲು ಹತ್ತಿದರು. ಬೇಗ ಅರ್ಜಿ ಹಾಕಿದರೆ ಬೇಗ ಇಳಿದಂತಾಗುವುದಿಲ್ಲ. ಮೀಟರು ತಿರುಗಿದ ದಿನವೇ ಇಳಿದ ದಿನ.

ತುಟ್ಟಿಯಾಗುವ ಸರಕು

ಇನ್ನು ಏರುವ ಸರಕಿಗೆ ಬರೋಣ. ಅದರಲ್ಲಿ ಮೊದಲನೆಯದು ಸಾಲದ ದಾರಿ.

1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತು. ಬೀದಿ ವ್ಯಾಪಾರಿಯೊಬ್ಬರು ತಿಂಗಳಿಗೆ 300 ರೂಪಾಯಿ ಆಗದು, ದಿನಕ್ಕೆ 10 ರೂಪಾಯಿ ಆದೀತು ಎಂದದ್ದನ್ನು ಅವರು ಭಾಷಣಗಳಲ್ಲಿ ಹೇಳುವುದುಂಟು. ಎರಡೂ ಮೊತ್ತ ಒಂದೇ. ಆದರೆ ಸಂಜೆ ಗಲ್ಲಾಪೆಟ್ಟಿಗೆಯಲ್ಲಿ 10 ರೂಪಾಯಿ ಇರುತ್ತದೆ, ತಿಂಗಳ ಕೊನೆಗೆ 300 ಇರುವುದಿಲ್ಲ. ಅವರ ಕಂಪನಿ ಪ್ಯಾನಲ್ ಮಾರಿದ್ದಕ್ಕಿಂತ ಹೆಚ್ಚಾಗಿ ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳಿಗೆ ಈ ಲೆಕ್ಕ ಮಾರಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಒತ್ತಾಸೆಯಿಂದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮನೆದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಆರಂಭಿಸಿದವು. ಕೆಲವೇ ವರ್ಷಗಳಲ್ಲಿ ಸಾವಿರಾರು ಮನೆಗಳಿಗೆ ಸಾಲ ಸಿಕ್ಕಿತು.

ನಾನು ಅವರ ಪ್ರತಿಸ್ಪರ್ಧಿ ಎಂದು ಹೇಳಿಕೊಳ್ಳುವಷ್ಟು ದೊಡ್ಡವನಲ್ಲ. ಆದರೆ ಅದೇ ಪಾಠವನ್ನು ನಮ್ಮ ಸೀಮೆಯ ಭಾಷೆಯಲ್ಲಿ ಕಲಿತೆ. ತೋಟದವರ ಕೈಯಲ್ಲಿ ದುಡ್ಡು ಓಡಾಡುವುದು ಅಡಿಕೆ ಮಹಸೂಲು ಸಹಕಾರಿ ಸೊಸೈಟಿಗೆ ಹೋದ ಮೇಲೆ. ತಿಂಗಳ ಕಂತು ಎಂದರೆ ಎಲ್ಲರೂ ಸುಸ್ತಿದಾರರು. ವರ್ಷಕ್ಕೆ ಒಂದು ಕಂತು, ಅದೂ ಅಡಿಕೆಯ ಲೆಕ್ಕದಲ್ಲೇ ಮುರಿದುಕೊಳ್ಳುವುದು ಎಂದು ಸೊಸೈಟಿಯವರನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಒಪ್ಪಿದ ಮೇಲೆ ಬಾಕಿ ಉಳಿದದ್ದು ಬೆರಳೆಣಿಕೆ. ಆ ಎರಡು ವರ್ಷವನ್ನು ಹಿಂದಿನಿಂದ ಬಂದವರಿಗೆ ಯಾವ ಅಂಗಡಿಯಲ್ಲೂ ಕೊಳ್ಳಲಾಗಲಿಲ್ಲ.

ಎರಡನೆಯದು ನೆಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಸರಕಾರ ಅಲ್ಲಿ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ನಾಡಿನಲ್ಲಿ ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಪ್ಯಾನಲ್ ಬೆಲೆ ಎಷ್ಟು ಇಳಿದರೂ ಅವರ ಬಾಡಿಗೆ ಇಳಿಯುವುದಿಲ್ಲ. ಆ ಪಾರ್ಕಿನ ಇಡೀ ವ್ಯವಹಾರದಲ್ಲಿ ಗೆರೆ ಮೇಲಕ್ಕೆ ಹೋಗುವುದು ಅವರೊಬ್ಬರದ್ದೇ. ಆದರೆ ಅದು ಪಹಣಿಯಲ್ಲಿ ಹೆಸರಿದ್ದವರ ಮಾತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ, ಬೇಲಿ ಮಾತ್ರ ಬಂದಿದೆ. ಬೇಗ ಇಳಿಯುವ ಲಾಭದ ಲೆಕ್ಕ ಹೇಳುವಾಗ, ಇಳಿಯಲು ಕಾಲೂರುವಷ್ಟೂ ನೆಲವಿಲ್ಲದವರನ್ನು ಬಿಟ್ಟು ಲೆಕ್ಕ ಮುಗಿಸಬಾರದು.

ಮೂರನೆಯದು ನನ್ನ ಡೈರಿ. 2005ರ ನಂತರ ಗ್ರಾಮೀಣ ವಿದ್ಯುದೀಕರಣ ಯೋಜನೆಗಳು ಬಂದವು, 2017ರಲ್ಲಿ ಮನೆಮನೆಗೆ ವಿದ್ಯುತ್ ಕೊಡುವ ಸೌಭಾಗ್ಯ ಯೋಜನೆ ಬಂತು. ತಂತಿ ಬಂದ ಮೇಲೆ ನಾಲ್ಕು ದೀಪದ ವ್ಯಾಪಾರ ಸತ್ತಿತು. ನನ್ನ ಸರಕಿಗೆ ಬೆಲೆ ಹೋಯಿತು, ಡೈರಿಗೆ ಹೋಗಲಿಲ್ಲ. ದೀಪ ಕೊಂಡ ಮನೆಯವರೇ ವಾಟರ್ ಹೀಟರ್ ಕೊಂಡರು, ಆಮೇಲೆ ಇನ್ವರ್ಟರ್ ಕೊಂಡರು. ಗೋದಾಮಿನ ಆ 200 ಪ್ಯಾನಲಿನ ಸಾಲ ತೀರಿದ್ದು ಇವುಗಳಿಂದ.

ಈಗ ಇಳಿಯುವವರಿಗೆ

2025ರ ಆರಂಭಕ್ಕೆ ದೇಶದ ಸೌರ ಸಾಮರ್ಥ್ಯ ಒಂದು ಲಕ್ಷ ಮೆಗಾವ್ಯಾಟ್ ದಾಟಿತು. ಇನ್ನೇನು ಬೇಗ ಇಳಿಯುವುದು ಉಳಿದಿದೆ ಎಂದು ನೀವು ಕೇಳಬಹುದು. ಪ್ಯಾನಲಿನಲ್ಲಿ ಉಳಿದಿಲ್ಲ. ಆದರೆ ಇರುಳಿನಲ್ಲಿ ಉಳಿದಿದೆ. ಮಧ್ಯಾಹ್ನ ವಿದ್ಯುತ್ ಹೆಚ್ಚಾಗಿ, ಸಂಜೆ ಏಳಕ್ಕೆ ಕಡಿಮೆಯಾಗುವುದು ಈಗಿನ ತಲೆನೋವು. ಅದಕ್ಕೆ ಬ್ಯಾಟರಿ ಬೇಕು. 2010ರಿಂದ ಈಚೆಗೆ ಲಿಥಿಯಂ ಬ್ಯಾಟರಿ ಬೆಲೆ ಸುಮಾರು ಶೇ. 90 ಇಳಿದಿದೆ. ಗೆರೆ ನೋಡಿದ ಕೂಡಲೇ ಗುರುತು ಹಿಡಿಯಿರಿ, ಇದು ಅದೇ ಗೆರೆ. ಬ್ಯಾಟರಿ ವ್ಯವಹಾರಕ್ಕೆ ಇಂದೇ ಇಳಿಯಿರಿ, ಬ್ಯಾಟರಿಯನ್ನು ಮಾತ್ರ ಗೋದಾಮಿನಲ್ಲಿ ತುಂಬಬೇಡಿ.

ಇನ್ನೊಂದು ದುರಸ್ತಿ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಪ್ಯಾನಲ್ ಇಪ್ಪತ್ತೈದು ವರ್ಷ ಬಾಳುತ್ತದೆ, ಇನ್ವರ್ಟರ್ ಅದರ ಅರ್ಧ ಬಾಳಿದರೆ ಹೆಚ್ಚು. ಒಂದು ಕೋಟಿ ಮಾಡಿಗೆ ಏಣಿ ಹಾಕುವವರು ಯಾರು? ಸಬ್ಸಿಡಿ ಹಂಚುವ ವರ್ಷ ಎಲ್ಲ ಊರಲ್ಲೂ ಸೋಲಾರ್ ಅಂಗಡಿ ಇರುತ್ತದೆ. ಅದರ ಐದು ವರ್ಷದ ಮೇಲೆ ಬಾಗಿಲು ತೆರೆದಿರುವ ಅಂಗಡಿ ನಿಮ್ಮದಾದರೆ, ನೀವು ಬೇಗ ಬಂದವರು.

ಒಂದು ಘಟನೆ ಹೇಳಿ ಮುಗಿಸುತ್ತೇನೆ. ಅಂದು ಕವಳ ಹಾಕುತ್ತ ನನ್ನನ್ನು ಕೇಳಿದ ಯಜಮಾನರು ಈಗಿಲ್ಲ. ಅವರ ಮೊಮ್ಮಗ ಕಳೆದ ವರ್ಷ ಮಾಡಿನ ಮೇಲೆ 3 ಕಿಲೋವ್ಯಾಟ್ ಹಾಕಿಸಿದ. ನನ್ನ ದರವನ್ನೂ ಕೇಳಿದ್ದ, ಕೊನೆಗೆ ಹುಬ್ಬಳ್ಳಿ ಕಡೆಯವರಿಗೆ ಕೊಟ್ಟ. ಅವರದ್ದು ಹನ್ನೆರಡು ಸಾವಿರ ಕಡಿಮೆಯಿತ್ತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಫೋನು ಬಂತು. ಇನ್ವರ್ಟರಿನಲ್ಲಿ ಕೆಂಪು ದೀಪ, ಹಾಕಿದವರು ಫೋನ್ ಎತ್ತುತ್ತಿಲ್ಲ. “ಅಜ್ಜ ನಿಮ್ಮ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟಿದ್ದರು” ಎಂದ. ಮರುದಿನ ನಮ್ಮ ಹುಡುಗ ಸಂಕ ದಾಟಿ ಹೋದ. ದಾರಿ ಡೈರಿಯಲ್ಲಿತ್ತು. ಇಲಿ ಕಡಿದ ತಂತಿ ಬದಲಾಯಿಸಿ, ವರ್ಷದ ನಿರ್ವಹಣೆಗೆ ಮೂರು ಸಾವಿರದ ಕರಾರು ಬರೆಸಿಕೊಂಡು ಬಂದ. ಪ್ಯಾನಲ್ ಮಾರಿದ್ದರೆ ನನಗೆ ಒಮ್ಮೆ ಏಳೆಂಟು ಸಾವಿರ ಉಳಿಯುತ್ತಿತ್ತು. ಈ ಕರಾರು ಮೂರನೆಯ ವರ್ಷಕ್ಕೆ ಅದನ್ನು ದಾಟುತ್ತದೆ.

ಆ ಮನೆಯ ಹಿತ್ತಿಲ ಕಂಬದ ಮೇಲೆ 1996ರ ಪ್ಯಾನಲ್ ಇನ್ನೂ ಇದೆಯಂತೆ. ಕೊಟ್ಟಿಗೆಯ ಒಂದು ದೀಪ ಅದರಿಂದಲೇ ಉರಿಯುತ್ತದೆ. ಹುಡುಗ ಅದನ್ನೂ ಒರೆಸಿ ಬಂದ. ಅದಕ್ಕೆ ಬಿಲ್ ಹಾಕಿಲ್ಲ.